ಹಲ್ಲುನೋವಿಗೆ ಗುಳಿಗೆಯೊಂದೇ ಸಾಕೇ?

ಶ್ರಾವಣಮಾಸದಲ್ಲಿ ಪುರಾಣ ಪ್ರವಚನದ ನಿಮಿತ್ತ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ನಾವು ಸಂಚರಿಸುವುದುಂಟು. ಭಕ್ತರ ಮನೆಗಳಲ್ಲಿ ದೇವರ ಜಗುಲಿಯ ಮಗ್ಗುಲ ಗೂಡಿನಲ್ಲಿ, ವಿಭೂತಿಯ ಗಟ್ಟಿಯೊಡನೆ, ಅರ್ಧ ನುಂಗಿ ಉಳಿಸಿದ ಗುಳಿಗೆಗಳ ಪಟ್ಟಿಯೂ ಕಣ್ಣಿಗೆ ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಹಿರೇಕೆರೂರು ಸೀಮೆಯ ಹಿರಿಯರೊಬ್ಬರು ಗಲ್ಲಕ್ಕೆ ವಸ್ತ್ರ ಕಟ್ಟಿಕೊಂಡು ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದರು. ರೊಟ್ಟಿ ಅಗಿಯಲಾಗದೆ ಅಂಬಲಿಯಷ್ಟನ್ನೇ ಸ್ವೀಕರಿಸಿದರು. "ಹೋದ ವರ್ಸಾನೂ ಹಿಂಗ ಆಗಿತ್ತರೀ ಶಾಸ್ತ್ರಿಗಳ. ಅಂಗಡ್ಯಾಗ ಗುಳಿಗಿ ತಂದು ನುಂಗಿದ್ನಿ, ಎಲ್ಡ ದಿನದಾಗ ಇಳೀತು" ಎಂದರು. ಇಳಿದದ್ದು ಬಾವು, ರೋಗವಲ್ಲ. ವಾರದೊಳಗೆ ಅದೇ ಬಾವು ಗದ್ದದ ಕೆಳಗೆ ಹಬ್ಬಿ, ಉಗುಳು ಸಹ ನುಂಗಲಾಗದೆ, ಅವರನ್ನು ರಾತ್ರೋರಾತ್ರಿ ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಕೀವು ಹೊರತೆಗೆದು, ಹುಳುಕು ದವಡೆಹಲ್ಲನ್ನು ಕಿತ್ತ ಮೇಲೆಯೇ ಅವರು ಉಸಿರಾಡಿದರು.

ಹಲ್ಲು ಕಲ್ಲಿನ ತುಂಡಲ್ಲ. ಅದರೊಳಗೆ ನರ, ರಕ್ತನಾಳಗಳಿಂದ ಕೂಡಿದ ತಿರುಳುಂಟು. ಹುಳುಕು ಆಳಕ್ಕಿಳಿದರೆ ತಿರುಳು ಸಾಯುತ್ತದೆ. ಅಲ್ಲಿಗೆ ರಕ್ತಸಂಚಾರವೂ ನಿಲ್ಲುತ್ತದೆ. ನುಂಗಿದ ಔಷಧವಾದರೋ ರಕ್ತದ ಮೂಲಕವೇ ಸಾಗಬೇಕು. ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೆರೆಯ ನೀರು ಹೊಲಕ್ಕೆ ತಲುಪೀತೆ? ಅಮಾಕ್ಸಿಸಿಲಿನ್‌ನಂತಹ ಆ್ಯಂಟಿಬಯೋಟಿಕ್ ಸುತ್ತಲಿನ ಸೋಂಕನ್ನು ತಗ್ಗಿಸಬಲ್ಲುದು. ಬೇರಿನೊಳಗಿನ ಕೊಳೆಯನ್ನು ತೆಗೆಯಲಾರದು. ಅದಕ್ಕೆ ದಂತವೈದ್ಯರೇ ಬೇರಿನ ನಾಳವನ್ನು ಶುದ್ಧಗೊಳಿಸಬೇಕು, ಇಲ್ಲವೇ ಹಲ್ಲು ಕೀಳಬೇಕು. ಚಿಕಿತ್ಸೆ ಕೂಡಲೇ ದೊರೆಯುವಲ್ಲಿ, ಆರೋಗ್ಯವಂತ ವಯಸ್ಕರ ಹಲ್ಲುನೋವಿಗೆ ಬಹುಪಾಲು ಈ ಔಷಧ ಬೇಡವೆಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಸೂಚಿಸಿದೆ.

ಹಾಗೆಂದು ಔಷಧವೇ ವ್ಯರ್ಥವೆಂದು ತಿಳಿಯಬಾರದು. ಜ್ವರ ಬಂದಾಗ, ಬಾವು ಮುಖ ಕೊರಳುಗಳಿಗೆ ಹಬ್ಬಿದಾಗ ವೈದ್ಯರು ಅದನ್ನು ಕೊಟ್ಟೇ ಕೊಡುತ್ತಾರೆ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಮಧುಮೇಹಿಗಳಂತೂ ತಡಮಾಡಲೇಬಾರದು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುವುದೆಂಬ ಭಯ ನಮ್ಮ ತಾಯಂದಿರಲ್ಲಿ ಇನ್ನೂ ಇದೆ; ಅದಕ್ಕೆ ಆಧಾರವಿಲ್ಲ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ಸಾಲದ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುವುವೆಂದು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಗುಳಿಗೆಪಟ್ಟಿಯ ಮೇಲಿನ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ಸೇವಿಸಬಾರದೆಂಬುದರ ಗುರುತು. ಒಬ್ಬರಿಗೆ ಬರೆದುಕೊಟ್ಟದ್ದನ್ನು ನೆರೆಮನೆಯವರಿಗೆ ಹಂಚುವುದು ದಾಸೋಹವಲ್ಲ.

ಆ ಹಿರಿಯರು ಮುಂದಿನ ಶ್ರಾವಣದಲ್ಲಿ ಕಟ್ಟಿಸಿಕೊಂಡ ಹಲ್ಲಿನಿಂದ ಕಟಕ ರೊಟ್ಟಿ ಮುರಿದು ತೋರಿಸಿದರು. ಅವರ ಗೂಡಿನಲ್ಲಿ ವಿಭೂತಿಯಷ್ಟೇ ಇತ್ತು.