ಮಗುವಿಗೆ ಮೊದಲ ಅಕ್ಷರ ಮನೆಯಲ್ಲೇ



ನೀವು ಓದಲು ಕಲಿತಿರಿ. ಸಹಿ ಹಾಕುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಮನೆಯಲ್ಲಿ ಪುಟ್ಟ ಮಗು ಇದೆ. "ನಾವೇ ಈಗ ಕಲಿತವರು. ಮಗುವಿಗೆ ಏನು ಹೇಳಿಕೊಡೋದು?" ಅಂತ ಬಹಳ ಜನ ನಮ್ಮನ್ನು ಕೇಳುತ್ತಾರೆ. ಖಂಡಿತ ಹೇಳಿಕೊಡಬಹುದು. ಹೇಗೆ ಅಂತ ನೋಡೋಣ.

ಕಿವಿ ಮೊದಲು, ಕಣ್ಣು ಆಮೇಲೆ

ಮಗು ಮೊದಲು ಕೇಳುತ್ತದೆ. ಆಮೇಲೆ ಮಾತಾಡುತ್ತದೆ. ಓದು, ಬರಹ ಕೊನೆಗೆ. ಆದ್ದರಿಂದ ಎರಡು ವರ್ಷದ ಮಗುವಿಗೆ ಸ್ಲೇಟು ಬೇಡ. ಮಾತು ಬೇಕು, ಹಾಡು ಬೇಕು, ಕಥೆ ಬೇಕು. ಸೊಪ್ಪು ಬಿಡಿಸುವಾಗ, ನೀರು ತರುವಾಗ ಮಾತಾಡುತ್ತಾ ಇರಿ.

ಮೂರು ವರ್ಷವಾದ ಮೇಲೆ ಚಪ್ಪಾಳೆ ಆಟ ಆಡಿ. ಗಿ-ಣಿ, ಎರಡು ಚಪ್ಪಾಳೆ. ಕು-ದು-ರೆ, ಮೂರು ಚಪ್ಪಾಳೆ. ಇನ್ನೊಂದು ಆಟ: "ಮ ಅಂತ ಶುರುವಾಗೋದು ಏನೇನಿದೆ?" ಮರ, ಮನೆ, ಮಣೆ, ಮಳೆ. ಮಾತು ಬಿಡಿಬಿಡಿ ಶಬ್ದಗಳಿಂದ ಆಗಿದೆ ಅಂತ ಮಗುವಿಗೆ ಹೀಗೆ ಗೊತ್ತಾಗುತ್ತದೆ. ಓದಿಗೆ ಇದೇ ಬುನಾದಿ.

ಐದು ಅಕ್ಷರ ಸಾಕು

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರ ಇವೆ. ಎಲ್ಲವನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಬೇಡಿ. ನಮ್ಮ ಶಾಲೆಗಳಲ್ಲಿ ರ, ಗ, ಸ, ದ, ಅ ಅಂತ ಶುರು ಮಾಡುವ ಪದ್ಧತಿ ಇದೆ. ಇವು ಬರೆಯಲು ಸುಲಭ. ಈ ಐದರಲ್ಲೇ ಎಷ್ಟು ಪದ ಆಗುತ್ತವೆ ನೋಡಿ: ಸರ, ದರ, ಅಗಸ, ಅರಸ, ಗರಗಸ.

'ಸರ' ತಿರುಗಿಸಿದರೆ 'ರಸ'. ಅಕ್ಷರ ಅವೇ. ಜಾಗ ಬದಲಾಯಿತು, ಅರ್ಥವೂ ಬದಲಾಯಿತು. ಮಕ್ಕಳಿಗೆ ಇದು ದೊಡ್ಡ ಮೋಜು.

"ಪಕ್ಕದ ಮನೆ ಮಗು ಎ, ಬಿ, ಸಿ, ಡಿ ಹೇಳುತ್ತೆ, ನಮ್ಮದು ಹೇಳೋದಿಲ್ಲ" ಅಂತ ಕೊರಗಬೇಡಿ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಶಬ್ದ ಬೇರೆ. 'ಬಿ, ಎ, ಜಿ' ಅಂತ ಹೇಳಿ 'ಬ್ಯಾಗ್' ಅಂತ ಓದಬೇಕು. ಕನ್ನಡದಲ್ಲಿ ಈ ತೊಡಕು ಕಡಿಮೆ. ಸ, ರ ಕೂಡಿಸಿದರೆ ಸರ. ಮನೆಮಾತಿನಲ್ಲಿ ಓದು ಕುದುರಿದರೆ ಇನ್ನೊಂದು ಭಾಷೆಯೂ ಸುಲಭವಾಗುತ್ತದೆ.

ದುಡ್ಡು ಬೇಡ

ಮೊರದಲ್ಲಿ ರಾಗಿ ಹರಡಿ. ಬೆರಳಿನಿಂದ 'ರ' ತಿದ್ದಿಸಿ. ತಪ್ಪಾದರೆ ಮೊರ ಅಲ್ಲಾಡಿಸಿ, ಅಳಿಸಿ ಹೋಗುತ್ತದೆ! ಸೋಪಿನ ಕಾಗದ, ಗೋಡೆಯ ಕ್ಯಾಲೆಂಡರು, ಅಂಗಡಿ ಬೋರ್ಡು ಎಲ್ಲದರಲ್ಲೂ 'ರ' ಹುಡುಕಿಸಿ. ಬೆರಳು ಗಟ್ಟಿಯಾದ ಮೇಲೆ ಬಳಪ ಕೊಡಿ. ದಿನಕ್ಕೆ ಹತ್ತು ನಿಮಿಷ ಸಾಕು.

ಹೊಡೆಯಬೇಡಿ

ಮಗು 'ಹಾಲು' ಅನ್ನೋದಕ್ಕೆ 'ಆಲು' ಅನ್ನಬಹುದು. ಗದರಬೇಡಿ, ನಗಬೇಡಿ. "ಹೌದು ಕಂದಾ, ಹಾಲು ಬೇಕಾ?" ಅಂತ ನೀವು ಸರಿಯಾಗಿ ಹೇಳಿ. ಕೇಳಿ ಕೇಳಿ ಕಲಿಯುತ್ತದೆ. ಹೊಡೆದು ಕಲಿಸಿದರೆ ಮಗು ಪುಸ್ತಕ ಕಂಡರೆ ಹೆದರುತ್ತದೆ. ಹೆದರಿದ ಮಗು ಶಾಲೆ ಬಿಡುತ್ತದೆ. ಅಕ್ಷರ ಇಲ್ಲದ ಕಷ್ಟ ಏನು ಅಂತ ನಿಮಗೆ ಗೊತ್ತು. ಅದು ಮಗುವಿಗೆ ಬೇಡ.

ಅಂಗನವಾಡಿಗೂ ಕಳಿಸಿ. 1975ರಲ್ಲಿ ಶುರುವಾದ ಈ ಯೋಜನೆಯಲ್ಲಿ 3 ರಿಂದ 6 ವರ್ಷದ ಮಕ್ಕಳಿಗೆ ಆಟ, ಹಾಡುಗಳ ಮೂಲಕ ಕಲಿಸುತ್ತಾರೆ. ಗಂಡುಮಗುವಿನ ಜೊತೆ ಹೆಣ್ಣುಮಗುವನ್ನೂ ಕಳಿಸಿ.

ರಾತ್ರಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಈ ಪುಸ್ತಕವನ್ನೇ ಗಟ್ಟಿಯಾಗಿ ಓದಿ. ಸಾಲಿನ ಕೆಳಗೆ ಬೆರಳು ಇಡಿ. ನಿಮ್ಮ ಓದೂ ಚುರುಕಾಗುತ್ತದೆ.

ಮಾಡಿ ನೋಡಿ: ರ, ಗ, ಸ, ದ, ಅ ಬಳಸಿ ಇನ್ನೂ ಎರಡು ಪದ ಬರೆಯಿರಿ.