ದೈವದ ನುಡಿ: ಕೋಲ ಕಟ್ಟುವವರ ಹೊಣೆ

ತುಳುನಾಡಿನ ಭೂತಕೋಲದಲ್ಲಿ ಜನರು ಕಾದು ಕುಳಿತುಕೊಳ್ಳುವುದು ದೈವದ ನುಡಿಗಾಗಿ. ಪರಂಪರೆಯಿಂದ ಕೋಲ ಕಟ್ಟುತ್ತ ಬಂದಿರುವ ನಲಿಕೆ, ಪರವ, ಪಂಬದ ಸಮುದಾಯಗಳ ನರ್ತಕರ ಹೊಣೆ ಕುಣಿತಕ್ಕಷ್ಟೇ ಸೀಮಿತವಲ್ಲ.

ಕೋಲಕ್ಕೆ ಮುನ್ನ ನರ್ತಕರು ವ್ರತ ಪಾಲಿಸುತ್ತಾರೆ. ಎಣ್ಣೆಬೂಳ್ಯ ಸ್ವೀಕರಿಸಿ, ಸ್ನಾನ ಮುಗಿಸಿದ ಬಳಿಕವೇ ಮುಖಕ್ಕೆ ಬಣ್ಣ. ದೈವದ ಹುಟ್ಟು, ಸಂಚಾರಗಳನ್ನು ಪಾಡ್ದನ ವಿವರಿಸುತ್ತದೆ. ಗಗ್ಗರ ಕಟ್ಟಿ ಆವೇಶ ಬಂದ ಮೇಲೆ ಆಡುವ ಮಾತು ವ್ಯಕ್ತಿಯದಲ್ಲ, ದೈವದ್ದು ಎಂಬುದು ಭಕ್ತರ ನಂಬಿಕೆ.

ಈ ನಂಬಿಕೆಯೇ ಹೊಣೆಯನ್ನು ಹೆಚ್ಚಿಸುತ್ತದೆ. ಜಮೀನಿನ ತಕರಾರು, ಆಸ್ತಿಯ ಪಾಲು, ಕುಟುಂಬಗಳ ವೈಮನಸ್ಸು ದೈವದ ಮುಂದೆ ಬರುತ್ತವೆ. ಗುತ್ತಿನ ಯಜಮಾನರು ಹಾಗೂ ಊರವರ ಸಮ್ಮುಖದಲ್ಲೇ ನುಡಿಯಾಗುತ್ತದೆ. ಒಂದು ಪಕ್ಷಕ್ಕೆ ವಾಲಿದ ಮಾತು ಊರಿನ ವಿಶ್ವಾಸವನ್ನೇ ಕೆಡಿಸೀತು. ನೊಂದವರಿಗೆ ಅಭಯ ನೀಡುವುದು, ಮುನಿದವರನ್ನು ಒಂದುಗೂಡಿಸುವುದು ನುಡಿಯ ಉದ್ದೇಶ.

ಆದರೆ ನುಡಿಗೂ ಮಿತಿಯುಂಟು. ನಾಯಿ, ಹಾವು, ಚೇಳು ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ನುಡಿಯು ರೋಗಿಗೆ ಧೈರ್ಯ ತುಂಬಬಹುದು. ಆಸ್ಪತ್ರೆಯ ದಾರಿಯನ್ನು ಮುಚ್ಚುವಂತಿಲ್ಲ.

ಕೋಲ ಮುಗಿದು ಗಗ್ಗರ ಬಿಚ್ಚಿದ ಮೇಲೆ ನರ್ತಕ ಮತ್ತೆ ಸಾಮಾನ್ಯ ದುಡಿಮೆಗಾರ. ಆಡಿದ ನುಡಿ ಮಾತ್ರ ಊರಿನಲ್ಲಿ ಉಳಿಯುತ್ತದೆ.