ಗಣಿಯ ಕತ್ತಲಿನಿಂದ ವಿಶ್ವದ ಕತ್ತಲಿಗೆ

ರಜೆಯಲ್ಲಿ ರಾಯಲ್ಪಾಡಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ ಕಾದಿರುತ್ತದೆ: ‘ಕ್ಯಾಂಪಸ್ ಸೆಲೆಕ್ಷನ್ ಯಾವಾಗ?’ ಮಾವಿನ ತೋಟದಲ್ಲಿ ಕಾಯಿ ಕೀಳುವವರಿಂದ ಹಿಡಿದು ಟೀ ಅಂಗಡಿಯವರ ತನಕ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರಾನಿಕ್ಸ್ ಬಿ.ಇ. ಓದುವ ಹುಡುಗನನ್ನು ಇನ್ನೇನು ತಾನೇ ಕೇಳಬೇಕು? ಈ ಸಲ ಮಾತ್ರ ಅಜ್ಜಿಯ ತಮ್ಮ ಬೇರೆಯದೇ ಕೇಳಿದರು. ಅವರು ಕೆಜಿಎಫ್ ಗಣಿಯಲ್ಲಿ ದುಡಿದವರು.

‘ಏನೋ ಅದು, ಬೆಳಗಿನಿಂದ ಓದ್ತಾನೇ ಇದೀಯ?’

‘ನ್ಯೂಟ್ರಿನೊ ಅಂತ, ತಾತ. ಕಣ್ಣಿಗೆ ಕಾಣದ ಕಣ.’

‘ನಮ್ಮ ಗಣಿಯೊಳಗೆ ಬೊಂಬಾಯಿಯವರು ಕಬ್ಬಿಣದ ಕೊಳವೆ ಜೋಡಿಸಿಕೊಂಡು ಏನೋ ಬರುತ್ತೆ ಅಂತ ಕಾಯ್ತಾ ಇದ್ರಲ್ಲ, ಅದೇನಾ?’

(ನಮ್ಮ ಮನೆಮಾತು ತೆಲುಗು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.) ನನಗೆ ನಿಜಕ್ಕೂ ನಾಚಿಕೆಯಾಯಿತು. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದ ಬಗ್ಗೆ ಗೊತ್ತಿದ್ದ ನನಗೆ ನಮ್ಮದೇ ಜಿಲ್ಲೆಯ ಕಥೆ ಗೊತ್ತಿರಲಿಲ್ಲ.

ಆಮೇಲೆ ಹುಡುಕಿ ಓದಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಉಪಕರಣಗಳೊಂದಿಗೆ ಕೋಲಾರದ ಗಣಿಗೆ ಇಳಿದಿದ್ದರು. ಆಕಾಶದಿಂದ ಬರುವ ಮ್ಯುಆನ್ ಕಣಗಳು ಎಷ್ಟು ಆಳದವರೆಗೆ ತೂರಿಬರುತ್ತವೆ ಎಂದು ಅಳೆಯುವುದು ಅವರ ಕೆಲಸ. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕರೂ ಆದರು. ಆಳಕ್ಕೆ ಹೋದಷ್ಟೂ ಮ್ಯುಆನ್‌ಗಳು ಬಂಡೆಯಲ್ಲಿ ಸೋಸಿಹೋಗುತ್ತವೆ. ಹಾಗಾಗಿ ಅಲ್ಲೂ ಏನಾದರೂ ಸಿಕ್ಕಿತು ಎಂದರೆ, ಅದು ಭೂಮಿಯನ್ನೇ ತೂರಬಲ್ಲ ನ್ಯೂಟ್ರಿನೊದ ಕುರುಹು ಇರಬೇಕು. ಚಾಂಪಿಯನ್ ರೀಫ್ ಗಣಿಯಲ್ಲಿ, 7,600 ಅಡಿ ಕೆಳಗೆ, ಟಿಐಎಫ್‌ಆರ್ ತಂಡವು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆ ಸೇರಿ ಕಾದು ಕುಳಿತಿತು. 1965ರಲ್ಲಿ ಸಿಕ್ಕಿಯೇಬಿಟ್ಟಿತು: ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ! ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ತಾತ ನೋಡಿದ ಕಬ್ಬಿಣದ ಕೊಳವೆಗಳು 1980ರ ದಶಕದವು. ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ನೋಡಲು ಕೂರಿಸಿದ, ಸುಮಾರು 140 ಟನ್ ತೂಕದ ಯಂತ್ರವದು.

ನಾನು ಓದುತ್ತಿದ್ದುದಕ್ಕೂ ಇದಕ್ಕೂ ಏನು ಸಂಬಂಧ ಎಂದಿರಾ? ಇದೆ.

ವಿಶ್ವ ಹಿಗ್ಗುತ್ತಿದೆ, ಅದೂ ದಿನೇದಿನೇ ಜೋರಾಗಿ ಎಂದು 1998ರಲ್ಲಿ ಎರಡು ತಂಡಗಳು ದೂರದ ನಕ್ಷತ್ರ ಸ್ಫೋಟಗಳನ್ನು ನೋಡಿ ಕಂಡುಕೊಂಡವು. ಹಾಗೆ ಹಿಗ್ಗಿಸುವ ಅಜ್ಞಾತ ಕಾರಣಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರು. ವಿಶ್ವದ ಸುಮಾರು ಶೇ 70ರಷ್ಟು ಅದೇ. ಆದರೂ ಒಂದು ಘನ ಮೀಟರ್ ಖಾಲಿ ಜಾಗದಲ್ಲಿ ಇರುವುದು ಮೂರ್ನಾಲ್ಕು ಹೈಡ್ರೋಜನ್ ಪರಮಾಣುಗಳ ತೂಕಕ್ಕೆ ಸಮನಾದಷ್ಟು ಮಾತ್ರ. ಕ್ವಾಂಟಂ ಲೆಕ್ಕ ಹಾಕಿದರೆ ಬರುವ ಉತ್ತರ ಇದಕ್ಕಿಂತ ದೊಡ್ಡದು. ಎಷ್ಟು ಪಟ್ಟು ಎಂದರೆ, 1ರ ಮುಂದೆ ಸುಮಾರು 120 ಸೊನ್ನೆ! ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಶೇ 10ರಷ್ಟು ತಪ್ಪಿದರೂ ಮತ್ತೆ ಬರೆಸುತ್ತಾರೆ.

ಎಲ್ಲ ಕಣಗಳೂ ಸೂಕ್ಷ್ಮ ತಂತಿಗಳ ಕಂಪನ ಎನ್ನುವ ಸ್ಟ್ರಿಂಗ್ ಥಿಯರಿಯವರಿಗೂ ಇದು ತಲೆನೋವು. ಡಾರ್ಕ್ ಎನರ್ಜಿ ಬದಲಾಗದೆ ನಿಂತಿರುವಂಥ ವಿಶ್ವವನ್ನು ಈ ಸಿದ್ಧಾಂತದೊಳಗೆ ಹೇಗೆ ಕಟ್ಟಬಹುದು ಎಂದು 2003ರಲ್ಲಿ ನಾಲ್ವರು ತೋರಿಸಿದರು. ಅವರಲ್ಲಿ ಟಿಐಎಫ್‌ಆರ್‌ನ ಸಂದೀಪ್ ತ್ರಿವೇದಿ ಒಬ್ಬರು. 2018ರಲ್ಲಿ ಕಮ್‌ರನ್ ವಾಫಾ ಮತ್ತು ಸಂಗಡಿಗರು ಬಹುಶಃ ಅದು ಸಾಧ್ಯವೇ ಇಲ್ಲ ಎಂದು ವಾದಿಸಿದರು. ಅವರ ಪ್ರಕಾರ ಡಾರ್ಕ್ ಎನರ್ಜಿ ಸಮತಟ್ಟು ನೆಲದಲ್ಲಿ ನಿಂತ ಗೋಲಿಯಲ್ಲ, ಇಳಿಜಾರಿನಲ್ಲಿ ಉರುಳುತ್ತಿರುವ ಗೋಲಿ. ಈ ನಿಯಮಕ್ಕೆ ಒಗ್ಗದ ಸಿದ್ಧಾಂತಗಳೆಲ್ಲ ಜೌಗು ನೆಲಕ್ಕೆ, ಅವರ ಮಾತಿನಲ್ಲಿ ‘ಸ್ವಾಂಪ್‌ಲ್ಯಾಂಡ್’ಗೆ.

ಇಲ್ಲಿಯೇ ಕಣಭೌತಶಾಸ್ತ್ರ ತಿರುಗಿ ನಿಂತಿದ್ದು. 2012ರಲ್ಲಿ ಸರ್ನ್‌ನಲ್ಲಿ ಸಿಕ್ಕ ಹಿಗ್ಸ್ ಕಣದ ಶಕ್ತಿಯ ನಕ್ಷೆ, ನಡುವೆ ಉಬ್ಬಿದ ಟೋಪಿಯಂತಿದೆ. ಉಬ್ಬಿನ ನೆತ್ತಿಯಲ್ಲಿ ಇಳಿಜಾರು ಸೊನ್ನೆ, ಶಕ್ತಿಯೋ ಅಪಾರ. ಹೊಸ ನಿಯಮದ ಪ್ರಕಾರ ಅಂಥ ಜಾಗವೇ ಇರಕೂಡದು! ಡೆನೆಫ್, ಹೆಬೆಕರ್ ಮತ್ತು ವ್ರಾಸೆ ಅದೇ ವರ್ಷ ಇದನ್ನು ಎತ್ತಿ ತೋರಿಸಿದರು. ಕೆಲವೇ ತಿಂಗಳಲ್ಲಿ ನಿಯಮ ತಿದ್ದುಪಡಿಯಾಯಿತು: ನೆತ್ತಿ ಇರಬಹುದು, ಆದರೆ ಗೋಲಿ ಅಲ್ಲಿ ನಿಲ್ಲದಷ್ಟು ಚೂಪಾಗಿರಬೇಕು.

ನನ್ನನ್ನು ಹಿಡಿದಿಟ್ಟದ್ದು ಮಾತ್ರ ನ್ಯೂಟ್ರಿನೊ ಕಥೆ. ಡಾರ್ಕ್ ಎನರ್ಜಿಯ ಸಾಂದ್ರತೆಯನ್ನು ಕಣದ ತೂಕದ ಭಾಷೆಗೆ ತಂದರೆ ಸುಮಾರು 0.002 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಎಲೆಕ್ಟ್ರಾನ್‌ನ ತೂಕ 5,11,000. ನ್ಯೂಟ್ರಿನೊಗಳಿಗೆ ಬಂದರೆ 0.009, 0.05 ಇಂಥ ಅಂಕಿಗಳು ಕಾಣಿಸುತ್ತವೆ. ಗೊತ್ತಿರುವ ಕಣಗಳಲ್ಲಿ ಈ ಅಳತೆಯ ಹತ್ತಿರ ಬರುವುದು ಇವೇ. ಕಾಕತಾಳೀಯವೇ? ಅಲ್ಲದಿರಬಹುದು ಎನ್ನುತ್ತದೆ 2017ರಲ್ಲಿ ಇಬಾನೆಜ್, ಮಾರ್ಟಿನ್-ಲೊಜಾನೊ ಮತ್ತು ವಾಲೆನ್ಸುವೆಲಾ ಬರೆದ ಪ್ರಬಂಧ. ನಮ್ಮ ಮೂರು ಆಯಾಮಗಳಲ್ಲಿ ಒಂದನ್ನು ಸಣ್ಣ ಬಳೆಯಂತೆ ಸುತ್ತಿದ್ದೇವೆ ಅಂದುಕೊಳ್ಳಿ. ಆಗ ಬೆಳಕಿನ ಮತ್ತು ಗುರುತ್ವದ ಕಣಗಳು ಶಕ್ತಿಯನ್ನು ಸೊನ್ನೆಗಿಂತ ಕೆಳಕ್ಕೆ ಎಳೆಯುತ್ತವೆ, ನ್ಯೂಟ್ರಿನೊಗಳು ಮೇಲಕ್ಕೆ ತಳ್ಳುತ್ತವೆ. ಆದರೆ ಹಗುರವಾಗಿದ್ದರೆ ಮಾತ್ರ ಸಮಯಕ್ಕೆ ಸರಿಯಾಗಿ ತಳ್ಳಬಲ್ಲವು. ಭಾರವಾದರೆ ಸೊನ್ನೆಯ ಕೆಳಗೆ ಒಂದು ಗುಂಡಿ ಉಂಟಾಗುತ್ತದೆ. ಅಂಥ ಸ್ಥಿರವಾದ ಗುಂಡಿ ಇರಬಾರದು ಎಂಬುದು ಸ್ಟ್ರಿಂಗ್ ಥಿಯರಿಯವರ ಇನ್ನೊಂದು ಊಹೆ. ಅದು ನಿಜವಾದರೆ, ಅತಿ ಹಗುರ ನ್ಯೂಟ್ರಿನೊದ ತೂಕ ಡಾರ್ಕ್ ಎನರ್ಜಿಯ ಆ ಅಳತೆಯ ಆಸುಪಾಸನ್ನು ಮೀರುವಂತಿಲ್ಲ.

ಇದೆಲ್ಲ ಊಹೆಯೇ, ಸಾಬೀತಾಗಿಲ್ಲ. ನನ್ನ ರೂಮ್‌ಮೇಟ್ ‘ಇದು ವಿಜ್ಞಾನವೋ ಪುರಾಣವೋ’ ಎಂದು ಗೇಲಿ ಮಾಡುತ್ತಾನೆ. ನನಗೂ ಒಮ್ಮೊಮ್ಮೆ ಹಾಗೆ ಅನಿಸುತ್ತದೆ. ಆದರೆ ಪುರಾಣವನ್ನು ಯಾರೂ ತೂಗಿ ನೋಡುವುದಿಲ್ಲ. ಇದನ್ನು ನೋಡುತ್ತಿದ್ದಾರೆ. ಅಮೆರಿಕದ ಅರಿಜೋನಾದಲ್ಲಿರುವ ‘ಡೆಸಿ’ ಉಪಕರಣ ಲಕ್ಷಾಂತರ ಗೆಲಾಕ್ಸಿಗಳ ನಕ್ಷೆ ಮಾಡಿ, 2024 ಮತ್ತು 2025ರಲ್ಲಿ ಡಾರ್ಕ್ ಎನರ್ಜಿ ಕುಗ್ಗುತ್ತಿರಬಹುದು ಎಂಬ ಸುಳಿವು ಕೊಟ್ಟಿದೆ. ಖಚಿತ ಎನ್ನುವಷ್ಟು ಅಲ್ಲ. ಡಾರ್ಕ್ ಎನರ್ಜಿ ಬದಲಾಗದು ಎಂದಿಟ್ಟುಕೊಂಡರೆ ಮೂರು ಬಗೆಯ ನ್ಯೂಟ್ರಿನೊಗಳ ಒಟ್ಟು ತೂಕ ಸುಮಾರು 0.07ಕ್ಕಿಂತ ಕಡಿಮೆ ಎಂದೂ ಅದೇ ಉಪಕರಣ ಹೇಳಿತು. ಬದಲಾಗುತ್ತದೆ ಎಂದಾದರೆ ಈ ಮಿತಿಯೂ ಸಡಿಲವಾಗುತ್ತದೆ. ಒಂದರ ಉತ್ತರ ಇನ್ನೊಂದಕ್ಕೆ ಹೀಗೆ ತಗುಲಿಕೊಂಡಿದೆ.

ಕೆಜಿಎಫ್ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ‘ಅವರು ಕಾಯ್ತಾ ಇದ್ದಿದ್ದು ಬಂತಾ?’ ಎಂದು ತಾತ ಕೇಳಿದರು. ನ್ಯೂಟ್ರಿನೊ ಬಂತು, ಪ್ರೋಟಾನ್ ಒಡೆದದ್ದು ಮಾತ್ರ ಇಂದಿಗೂ ಎಲ್ಲೂ ಖಚಿತವಾಗಿಲ್ಲ ಎಂದೆ. ‘ಹಾಗಿದ್ರೂ ಸಂಬಳ ಕೊಡ್ತಾ ಇದ್ರಾ?’ ಎಂದು ನಕ್ಕರು. ಅಪ್ಪ ನಗಲಿಲ್ಲ. ತೋಟದ ಸಾಲ ಇನ್ನೂ ತೀರಿಲ್ಲ, ನನ್ನ ಹಿಂದೆ ತಂಗಿ ಇದ್ದಾಳೆ.

ಬಿ.ಇ. ಓದಿದವರೂ ಗೇಟ್ ಪರೀಕ್ಷೆಯಲ್ಲಿ ಫಿಸಿಕ್ಸ್ ಪತ್ರಿಕೆ ಬರೆಯಬಹುದು. ಅದನ್ನು ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕ್ಯಾಂಪಸ್‌ಗೂ ಕೂತ್ಕೋ, ಅದನ್ನೂ ಬರಿ’ ಎಂದರು. ಎರಡಕ್ಕೂ ಓದುತ್ತಿದ್ದೇನೆ.